ಹೊರಗ ಹೋದ ವೇಳೆ

ನವನಗರ, ಸೆಕ್ಟರ್ ನಲವತ್ತೇಳು. ರಾತ್ರಿ ಒಂದೂಕಾಲು.
ಗದ್ದನಕೇರಿ ಸಾಹುಕಾರರ ಮನಿ ಪಾವಟಿಗಿ
ಹನ್ನೊಂದನೇ ಸಲ ಸರಿಸೀನಿ.
"ಇಷ್ಟ ಮುಗಿಸಿ ಹೋಗವಾ" ಅಂದು
ಸರ್ ಏಳಕ್ಕ ಗಾಡಿ ಹತ್ತಿದ್ರು.
ಇಷ್ಟ ಅನ್ನೂದಕ್ಕ ಸ್ಕೇಲ್ ಇಲ್ಲ.

ಸಾಹುಕಾರರು ಮಲಗೂ ಖೋಲಿಗೆ
ಮೂಡಲಕ್ಕ ದೊಡ್ಡ ಕಿಟಕಿ,
ಮಂಚದ ತಲಿ ದಕ್ಷಿಣಕ್ಕ, ವಾಸ್ತು ಪ್ರಕಾರ.
ನನ್ನ ತಲಿ ಕೀಬೋರ್ಡಿನ ಮ್ಯಾಲೆ.
ದಿಕ್ಕು ಯಾರೂ ಕೇಳಿಲ್ಲ.

ಕೆಳಗ ವಾಚ್‌ಮನ್ ಮೋದಿನಸಾಬರು
ತಾಸಿಗೊಮ್ಮೆ ಬುಕ್ಕಿನಾಗ ಸಹಿ ಹಾಕ್ತಾರ.
ರಾತ್ರಿಪಾಳಿಗೆ ಎಂಬತ್ತು ರೂಪಾಯಿ ಜಾಸ್ತಿ.
"ನಿಮಗೆಷ್ಟವಾ?" ಅಂದ್ರು.
"ಅನುಭವ" ಅಂದ್ನಿ.
ಅವರು ನಗಲಿಲ್ಲ.
ಥರ್ಮಾಸಿನ ಮುಚ್ಚಳದಾಗ ಚಹಾ ಸುರುವಿ
ಬುಕ್ಕು ನನ್ನ ಕಡೆ ತಿರುಗಿಸಿದ್ರು,
ಪೆನ್ನಿನ ತೊಪ್ಪಿಗಿ ತಾವ ತಗದು.

ಹೆಸರು: ಸಾವಂತ್ರಿ ಕಡಪಟ್ಟಿ.
ಒಳಗ ಬಂದ ವೇಳೆ: ಮುಂಜಾನೆ ಒಂಬತ್ತು.
ತಾರೀಖು ಬರಿಯಾಕ ಹೋದ್ರ
ನಿನ್ನೀದೋ ಇವತ್ತಿಂದೋ ತಿಳಿವಲ್ದು.
ಹೊರಗ ಹೋದ ವೇಳೆ:

ಪೆನ್ನು ಅಲ್ಲೇ ನಿಂತೈತಿ.
ಮ್ಯಾಲೆ ಪ್ಲಾಟರ್ ಉದ್ದನ ಹಾಳಿ ಉಗುಳೂ ಸಪ್ಪಳ.
ಅವ್ವಾ,
ಎಂಟೂವರಿ ಫೂಟಿನ ಮ್ಯಾಲಿಂದ ತೊಲಿ ಬರ್ತೈತಿ,
ನಾ ಪಾವಟಿಗಿ ಒಂದು ಕಡಿಮಿ ಹಾಕೀನಿ.