ಒಂದು ಚಿಪ್ಪು ಕಮ್ಮಿ

ಕೋಡಿಬಾಗದ ಇಗರ್ಜಿಯ ಹಿಂದೆ ಒಂದು ಕೋಣೆ,
ಮೊದಲು ಮೇಣದಬತ್ತಿ, ಮುರಿದ ಬೆಂಚು ಇಡುತ್ತಿದ್ದದ್ದು.
ಈಗ ಭಾನುವಾರ ಎರಡು ತಾಸು
ಹನ್ನೊಂದು ಮಕ್ಕಳು, ನಾನು,
ಒಂದು ಬಕೆಟ್ ಚಿಪ್ಪು.

ಅಳುವಿನಲ್ಲೂ ತರಾವರಿ ಉಂಟು.
ರೊನಿತಾಳದು ಬಂದರಿನ ಸೈರನ್ನು,
ಬಿಸ್ಕಿಟು ಕಂಡರೆ ನಿಲ್ಲುತ್ತದೆ.
ಜೊವೆಲ್ ಮಾತ್ರ ಅಳುತ್ತಿರಲಿಲ್ಲ.
ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ,
ಚಪ್ಪಲಿ ಬಿಚ್ಚುತ್ತಿರಲಿಲ್ಲ.
ಎರಡೂವರೆ ವರ್ಷ. ಹೊರಡಲು ಸದಾ ತಯಾರು.

ಮೊದಲ ವಾರ ಅವನು ಚಿಪ್ಪು ನೋಡುತ್ತಿರುವಾಗ
ತಾಯಿ ಬೆನೆಡಿಕ್ತಾ ಮೆಲ್ಲಗೆ ಜಾರಿಕೊಂಡಳು.
‘ಕಾಣದಂತೆ ಹೋದರೆ ಸುಲಭ, ಮಾವ್ಶಿ.’
ಯಾರಿಗೆ ಸುಲಭ?
ಅವತ್ತಿನಿಂದ ಅವನು ಚಿಪ್ಪು ಮುಟ್ಟಲಿಲ್ಲ.
ಕಣ್ಣು ತೆಗೆದರೆ ಯಾರೋ ಒಬ್ಬರು ಇಲ್ಲವಾಗುತ್ತಾರೆಂದು
ಒಂದೇ ಪಾಠಕ್ಕೆ ಕಲಿತುಬಿಟ್ಟಿದ್ದ.

ಮರುವಾರ ನಾನೇ ತಡೆದೆ:
ಹೇಳಿ ಹೋಗು. ಅತ್ತರೆ ಅಳಲಿ.
ಅವಳು ಮಂಡಿಯೂರಿದಳು,
ಒಳಗೆ ಪೂಜೆಯಲ್ಲಿ ಊರುವುದಕ್ಕಿಂತ ತಗ್ಗಿ.
‘ಹಾಡು ಕಲಿತು, ಗಂಟೆ ಹೊಡೆದಾಗ ಬರುತ್ತೇನೆ, ಪುತಾ.’
ಗಡಿಯಾರ ತಿಳಿಯದವನಿಗೂ ಗಂಟೆ ತಿಳಿಯುತ್ತದೆ.
ಹನ್ನೆರಡಕ್ಕೆ ಗಂಟೆ ಆಯಿತು, ಅವಳು ಬಂದಳು.
ಮೂರು ಭಾನುವಾರ ಮಾತು ನಡೆಯಿತು.
ಮೂರನೆಯದರಂದು ಒಂದು ಚಪ್ಪಲಿ ಬಿಚ್ಚಿದ.
ಒಂದೇ.

ಐದನೇ ಭಾನುವಾರ, ಹನ್ನೊಂದೂ ಕಾಲಿಗೆ,
ಬೈತಖೋಲದ ಮುದಿ ತಾಂಡೇಲ ಪಾಸ್ಕು
ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು.
ಒಂದು ಪೆಟ್ಟು. ತಡೆದು, ಇನ್ನೊಂದು.
ಜೊವೆಲ್ ಎದ್ದ.
ಬಿಚ್ಚಿಟ್ಟದ್ದನ್ನೂ ಹುಡುಕಿ ಹಾಕಿಕೊಂಡ, ಎಡಬಲ ಅದಲುಬದಲಾಗಿ,
ಬಾಗಿಲಲ್ಲಿ ನಿಂತು ನಕ್ಕ.
ಮೇಲೆ ಗಾಯಕರ ಅಟ್ಟದಲ್ಲಿ ಅವಳು
ಎರಡನೇ ಚರಣವನ್ನು ಮೂರನೇ ಸಲ ಹಾಡುತ್ತಿದ್ದಳು.
ನಾನೇನು ಹೇಳಲಿ,
ಇದು ಅಮ್ಮ ಬರುವ ಗಂಟೆಯಲ್ಲ, ಯಾರೋ ಹೋದದ್ದು ಎಂದೇ?
ಪೆಟ್ಟು ಪೆಟ್ಟಿಗೂ ಅಂಗಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.
ಆಮೇಲೆ ಅತ್ತ,
ಐದು ವಾರದ ಬಾಕಿ ಒಟ್ಟಿಗೆ.
ಅಳಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.
ಮಡಿಲಲ್ಲಿ ಕೂರಿಸಿ
ಚಪ್ಪಲಿ ಮಾತ್ರ ಸರಿಕಾಲಿಗೆ ಹಾಕಿದೆ.

ಅಲ್ಲಿಗೆ ಗಂಟೆಯ ಮಾತು ಬಿಟ್ಟೆವು.
ಈಗ ಬೆನೆಡಿಕ್ತಾ ಹೊಸ್ತಿಲಲ್ಲಿ ಕೂತು
ತುರುಬಿನ ಕ್ಲಿಪ್ಪು ತೆಗೆದು ಅವನ ಕೈಗಿಡುತ್ತಾಳೆ:
ಕಂದು ಬಣ್ಣ, ಒಂದು ಹಲ್ಲು ಮುರಿದದ್ದು,
ತೆಂಗಿನೆಣ್ಣೆಯ ಜಿಡ್ಡು.
‘ಇದು ಬಿಟ್ಟು ನಾನು ಮನೆಗೆ ಹೋಗುವುದುಂಟೇ?’
ಅವಳು ಹೋದ ಮೇಲೆ ತುಟಿ ನಡುಗುತ್ತದೆ. ನಡುಗಲಿ.
ಅದನ್ನು ಮೂಸುತ್ತಾನೆ,
ಅದುಮಿ ಬಾಯಿ ತೆರೆಸುತ್ತಾನೆ, ಚಿಪ್ಪು ತಿನ್ನಿಸುತ್ತಾನೆ.
ಬಾಗಿಲ ಹೊರಗೆ ಇಪ್ಪತ್ತೆರಡು ಪುಟ್ಟ ಚಪ್ಪಲಿ,
ಅವನದು ಯಾವುದೆಂದು ನಾನೂ ಹುಡುಕಬೇಕು.

ಮೊನ್ನೆ ಅವಳು ಬಂದು ಕೈ ಚಾಚಿದಳು.
ಅವನು ಮುಷ್ಟಿ ಬಿಚ್ಚಲಿಲ್ಲ.
ಗಂಡನ ಬೈಕಿನ ಮೇಲೆ, ನಡುವೆ ಅವನು,
ಹಿಂದೆ ಅವಳು ಬಿಟ್ಟ ಕೂದಲಿನಲ್ಲಿ.
ಕಾಳಿ ಸೇತುವೆಯ ಗಾಳಿ ಗೊತ್ತಲ್ಲ,
ಸದಾಶಿವಗಡ ಮುಟ್ಟುವತನಕ
ಯಾವ ಕೈಯಲ್ಲಿ ಮಗನನ್ನು, ಯಾವ ಕೈಯಲ್ಲಿ ಕೂದಲನ್ನು ಹಿಡಿದಳೋ.

ನಾನು ಚಿಪ್ಪು ಎಣಿಸಿ ಬಕೆಟ್ಟಿಗೆ ತುಂಬಿದೆ.
ಒಂದು ಕಮ್ಮಿ.
ಕ್ಲಿಪ್ಪಿನ ಬಾಯಲ್ಲೇ ಹೋಗಿರಬೇಕು.