ಎಂಟಕ್ಕೆ ಎಂಟು

ಗ್ರಿಮ್ಸ್‌ಬಿ. ಮೀನುಕಟ್ಟೆಯ ಹಿಂದಿನ ಶೆಡ್ಡು.
ಟ್ರೆವರ್ ಆ್ಯಸ್ಕ್ಯೂ ನನ್ನ ಆಂಪ್ಲಿಫೈಯರಿನ ಬೆನ್ನು ಬಿಚ್ಚಿ ಕೂತಿದ್ದಾನೆ.

'ಜೋರು ಬೇಕು' ಎಂದು ಕೂಗಿದೆ. 'ಪಬ್ಬಿನಲ್ಲಿ ಡ್ರಮ್ಮಿನೆದುರು
ನನ್ನ ಗಿಟಾರು ಬರೀ ತುಟಿ ಆಡಿಸುತ್ತೆ.'

'ಎಂಟು ಓಮಿನದರ ಪಕ್ಕಕ್ಕೆ ಎಂಟರದನ್ನೇ ಕಟ್ಟಿದರೆ
ನಾಲ್ಕು. ಹದಿನಾರಲ್ಲ.
ಕೂಡೋ ಲೆಕ್ಕ ಇಲ್ಲಿ ನಡೆಯಲ್ಲ.
ನಾಲ್ಕರ ಕಿಂಡಿಗೇ ಚುಚ್ಚು. ತಪ್ಪಿದರೆ
ಟ್ರಾನ್ಸ್‌ಫಾರ್ಮರು ಸುಟ್ಟ ವಾಸನೆ ನಿನಗಿಂತ ಮೊದಲು
ಮುಂದಿನ ಮೇಜಿನವರಿಗೆ ಗೊತ್ತಾಗುತ್ತೆ.'

ಬೆಸುಗೆಯ ಹೊಗೆ. ತಣ್ಣಗಾದ ಚಹಾ.

'ಇನ್ನೊಂದು. ಪೆಟ್ಟಿಗೆ ಎರಡಾದರೆ ದನಿ ಎರಡಾಗಲ್ಲ.
ಒಂದು ಚೂರು ಹೆಚ್ಚು, ಅಷ್ಟೆ.'
ಆ ಚೂರಿಗೆ ನಲವತ್ತು ಪೌಂಡು ತೆತ್ತಿದ್ದೆ.

ನುಡಿಸಿದೆ.
ಮೂವತ್ತು ವರ್ಷ ದೋಣಿಯ ಎಂಜಿನ್ನಿಗೆ ಕಿವಿ ಕೊಟ್ಟು ಕಳಕೊಂಡವನು
ಪೆಟ್ಟಿಗೆಯ ಬಟ್ಟೆಗೆ ಅಂಗೈ ಒತ್ತಿ ನಿಂತ.
ಬಹಳ ಹೊತ್ತು.

'ಮೂರನೇ ತಂತಿ,' ಅಂದ, 'ಸಡಿಲ.'