ಎರಡನೇ ಗೇರು

ಕಾಕಸಸ್ಸಿನ ಜ್ವಾರಿ ಘಟ್ಟ ಇಳಿಯುವಾಗ
ಅಪ್ಪನ ಬಲಗೈ ಬಾಗಿಲಿಗೆ ಬಡಿಯಿತು.
ಮೂವತ್ತು ವರ್ಷ, ಲಾರಿಯಲ್ಲಿ,
ಗೇರು ಇದ್ದದ್ದು ಆ ಕಡೆ.
ಇದು ಜಪಾನಿನಿಂದ ಬಂದ ಹಳೇ ಕಾರು;
ಸ್ಟಿಯರಿಂಗು ಬಲಕ್ಕೆ, ಗೇರು ತಾನಾಗಿಯೇ.
ಎಡಗಾಲು ಇಲ್ಲದ ಕ್ಲಚ್ಚನ್ನು ತಡಕಿ
ಮ್ಯಾಟಿನ ಮೇಲೆ ಪೆಚ್ಚಾಗಿ ಕೂತಿತು.

"ಬಿಡಪ್ಪ, ಅದಕ್ಕೇ ಗೊತ್ತಾಗುತ್ತೆ" ಅಂದೆ.
ಅವನು ಎಡಗೈಯಲ್ಲಿ, ಹೊಸಬನ ಹಾಗೆ,
ಲಿವರನ್ನು ಪಕ್ಕಕ್ಕೆಳೆದು ಎರಡಕ್ಕೆ ಇಳಿಸಿದ.
ಇಂಜಿನ್ನು ನಿದ್ದೆಗೆಟ್ಟ ಎಮ್ಮೆಯಂತೆ ಹೂಂಕರಿಸಿತು.
ಹಿಂದಿನ ಸೀಟಿನಲ್ಲಿ ಜೇನಿನ ಬಾಟಲಿಗಳು
ಒಂದಕ್ಕೊಂದು ತಾಕಿ ಕಿಣಿಗುಟ್ಟಿದವು.

"ಇದಕ್ಕೆ ಗೊತ್ತಿರೋದು
ಚಕ್ರದ ಕೆಳಗಿನ ಇಳಿಜಾರು ಅಷ್ಟೆ.
ಮುಂದಿನ ತಿರುವಿನಲ್ಲಿ ಕುರಿ ದಾಟಿಸುವ
ಬೆಸಾರಿಯೋನನ್ನು
ಇದು ಯಾವತ್ತು ನೋಡಿದೆ?"

ತಿರುವಿನಲ್ಲಿ ಕುರಿ ಇರಲಿಲ್ಲ.
ಬೆಸಾರಿಯೋನ್ ತೀರಿಕೊಂಡು ಆರು ವರ್ಷ;
ಮಣ್ಣಿಗೆ ಅಪ್ಪನೂ ಹೋಗಿದ್ದ.
ಆದರೂ ಅಲ್ಲಿ ನಿಧಾನವಾಗಿಯೇ ಹಾದೆವು,
ಬ್ರೇಕಿಗೆ ಕಾಲು ಸೋಕಿಸದೆ,
ಖಾಲಿ ರಸ್ತೆಗೆ ದಾರಿ ಬಿಟ್ಟುಕೊಟ್ಟು.

ಪಸಾನೌರಿಯ ಸಮತಟ್ಟು ಬಂದಾಗ
ಲಿವರನ್ನು ಡಿ-ಗೆ ತಳ್ಳಿ
ಮಣಿಕಟ್ಟು ನೀವಿಕೊಂಡ:
"ಈಗ ಬೇಕಾದರೆ ಅದೇ ಓಡಿಸಿಕೊಳ್ಳಲಿ."